ಭಾವನ ಮೀನುಗಳು

ನಮ್ಮ ಭಾವನಿಗೆ ಓಣಿಯಲ್ಲೆಲ್ಲ ಮೀನಪ್ಪ ಎಂದೇ ಹೆಸರು. ಬಣ್ಣದ ಕಾರ್ಖಾನೆಯಲ್ಲಿ ಕೊಳೆನೀರು ಶುದ್ಧಿ ಮಾಡುವ ಘಟಕ ನೋಡಿಕೊಳ್ಳುತ್ತಿದ್ದರು. ಕರೆಂಟಿನ ಖರ್ಚು ದಂಡವೆಂದು ಮಾಲೀಕ ಘಟಕವನ್ನೇ ನಿಲ್ಲಿಸಿದ್ದ. ಕೊಳೆಯೆಲ್ಲ ನಮ್ಮ ಓಣಿಯ ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. ಘಟಕದಲ್ಲಿ ಶುದ್ಧವಾದ ನೀರಲ್ಲಿ ಮೀನು ಬದುಕಿದೆಯೆಂದು ತೋರಿಸಲು ಗೇಟಿನ ಬಳಿ ಗಾಜಿನ ತೊಟ್ಟಿ ಬೇರೆ! ಅದಕ್ಕೆ ಭಾವ ಸುರಿಯುತ್ತಿದ್ದುದು ಅಂಗಡಿಯ ಕ್ಯಾನ್ ನೀರು. ಮೀನು ನೋಡಿ ಸಹಿ ಹಾಕಿ ಹೋಗುವ ತಪಾಸಣೆಯ ಸಾಹೇಬರೂ ಸಾಹೇಬರೇ!

ನಾನು ರೇಗಿದರೆ, “ಹೊಟ್ಟೆಪಾಡು ಕಣೋ, ಸುಮ್ನಿರು,” ಎನ್ನುತ್ತಿದ್ದರು.

ಮೊನ್ನೆ ಮಗಳು ಹಟ ಹಿಡಿದಳೆಂದು ಆ ತೊಟ್ಟಿಯಿಂದ ಎರಡು ಮೀನು ಮನೆಗೆ ತಂದು, ಮನೆಯ ಬೋರ್‌ವೆಲ್ ನೀರಿಗೆ ಬಿಟ್ಟರು. ಬೆಳಗಾಗುವಷ್ಟರಲ್ಲಿ ಎರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅಕ್ಕ ಮಗಳಿಗೆ ಲೋಟದಲ್ಲಿ ನೀರು ಕೊಡುತ್ತಿದ್ದಳು. ಭಾವ ಓಡಿಹೋಗಿ ಕಿತ್ತುಕೊಂಡರು.

“ಏನ್ರೀ ಇದು? ಹುಟ್ಟಿದಾಗಿಂದ ಇದೇ ಬೋರ್‌ವೆಲ್ ನೀರು ಕುಡಿದೇ ಅವಳು ಬೆಳೆದಿರೋದು!”