ಸಹಿ ಬೀಳದೆ ಇಳಿಯದ ಪೆಟ್ಟಿಗೆ

ಬೆಳಕು ಹರಿಯುವ ಮುಂಚೆಯೇ ರೋವೀನಾ ಟೋಲ್ಮನ್ ತನ್ನ ಕೊರಿಯರ್ ವ್ಯಾನಿಗೆ ಪಾರ್ಸೆಲ್ ತುಂಬುತ್ತಿದ್ದಾಳೆ. ನಾಯಿಯ ಆಹಾರ, ಟ್ರ್ಯಾಕ್ಟರಿನ ಬೆಲ್ಟು ಎಲ್ಲ ಹಿಂದಕ್ಕೆ. ವೈನ್ ಪೆಟ್ಟಿಗೆ ಮಾತ್ರ ಪಕ್ಕದಲ್ಲೇ, ಕೂಸಿನ ಹಾಗೆ.

ಕೂಸೇ ಬಿಡಿ. ನಮ್ಮ ಇಡಾಹೋ ರಾಜ್ಯದಲ್ಲಿ ವೈನ್ ಅಂಚೆಯ ಹಾಗೆ ಮನೆಗೇ ಬರಬಹುದು, ಆದರೆ ಇಪ್ಪತ್ತೊಂದು ತುಂಬಿದ, ನೆಟ್ಟಗೆ ನಿಲ್ಲುವ ಮನುಷ್ಯನೇ ಸಹಿ ಹಾಕಬೇಕು. ಗಡಿಯಾಚೆ ಯೂಟಾದಲ್ಲಿ ವೈನ್ ಮನೆಗೆ ತರಿಸುವಂತೆಯೇ ಇಲ್ಲ. ಉರ್ರೂಟಿಯಾ ಮನೆಯ ಮದುವೆ ವೈನ್ ಯೂಟಾದ ಗಂಡಿನ ಮನೆ ಬಿಟ್ಟು ಹೆಣ್ಣಿನ ಮನೆಗೆ ಬಂದದ್ದು ಅದಕ್ಕೇ. ಕಾಲು ಮುರಿದುಕೊಂಡು ಮದುವೆಗೆ ಬರಲಾಗದ ಮದುಮಗಳ ಚಿಕ್ಕಪ್ಪ, ಓರೆಗನ್‌ನ ತನ್ನ ತೋಟದ ಮೊದಲ ವೈನ್ ಕಳಿಸಿದ್ದಾನೆ. ರೋವೀನಾ ಎರಡು ದಿನ ಹೋದರೂ ಬಾಗಿಲಿಗೆ ಬೀಗ. ಮನೆಮಂದಿಯೆಲ್ಲ ಮದುವೆ ಹಾಲ್‌ನಲ್ಲಿ ಕುರಿ ಬೇಯಿಸುತ್ತಿದ್ದರು. ಇವತ್ತೂ ಸಹಿ ಬೀಳದಿದ್ದರೆ ಪೆಟ್ಟಿಗೆ ವಾಪಸ್. ಮದುವೆ ನಾಳೆ.

ಮಧ್ಯಾಹ್ನ ಬಾಗಿಲು ತೆರೆದವಳು ಮದುಮಗಳು ನೆಕಾನೆ.

"ರೋವೀನಾ ಆಂಟಿ! ಕೊಡಿ, ಸಹಿ ಹಾಕ್ತೀನಿ."

"ನಿಂಗಿನ್ನೂ ಇಪ್ಪತ್ತು ಕಣೆ."

"ನಾಳೆ ಗಂಡನ್ನೇ ಕಟ್ಕೋತೀನಿ, ಪೆಟ್ಟಿಗೆ ಮುಟ್ಟಬಾರ್ದಾ?"

"ಗಂಡನ್ನ ಪಾರ್ಸೆಲ್‌ನಲ್ಲಿ ತರಿಸಿದ್ರೆ ಅವನಿಗೂ ಇದೇ ಗತಿ."

ಅಪ್ಪ ಬೆನಾತ್ ಬಂದ. ಬಂದ ಅನ್ನುವುದಕ್ಕಿಂತ, ಗೋಡೆ ಅವನನ್ನು ಕರೆತಂದಿತು. ಬೆಳಿಗ್ಗೆಯಿಂದಲೇ ಸಂಭ್ರಮ ಶುರುವಾಗಿತ್ತು.

"ಪೆನ್ ಕೊಡಮ್ಮ!"

"ಕುಡಿದೋರ ಕೈಗೆ ಕೊಡಂಗಿಲ್ಲ ಬೆನಾತ್. ನನ್ನ ಕೆಲಸ ಹೋಗುತ್ತೆ."

ನೆಕಾನೆಗೆ ಅಳುವೇ ಬಂತು. "ನಾಳೆ ಚಿಕ್ಕಪ್ಪ ವಿಡಿಯೋ ಕಾಲಲ್ಲಿ ಕೂತಿರ್ತಾನೆ ಆಂಟಿ, ಬಾಟ್ಲಿ ಬಿಚ್ಚೋದು ನೋಡೋಕೆ."

"ನಿಮ್ಮಜ್ಜಿ ಎಲ್ಲಿ?"

"ಅಮೂಮಾ ಪಾರ್ಲರ್‌ನಲ್ಲಿ ಕೂದಲು ಸುರುಳಿ ಮಾಡಿಸ್ಕೋತಿದಾಳೆ."

"ಫೋನ್ ಮಾಡು. ನಾನಿಲ್ಲೇ ಊಟ ಮಾಡ್ತೀನಿ."

ರೋವೀನಾ ಊಟದ ಬಿಡುವನ್ನೆಲ್ಲ ಅವರ ಮೆಟ್ಟಿಲ ಮೇಲೆ ಕಳೆದಳು. ಬಿಡುವು ಮುಗಿಯುವ ಹೊತ್ತಿಗೆ, ತಲೆತುಂಬ ಸುರುಳಿ ಕಡ್ಡಿಗಳ ಸಮೇತ ಅಮೂಮಾ ಕಾರಿನಿಂದಿಳಿದಳು.

"ಗುರುತಿನ ಚೀಟಿ ತೋರಿಸಿ ಅಮೂಮಾ."

"ಮುಖದ ಸುಕ್ಕು ಕಾಣಲ್ವೇನೇ?"

"ಸುಕ್ಕಿನ ಮೇಲೆ ಹುಟ್ಟಿದ ತಾರೀಖು ಬರೆದಿಲ್ಲವಲ್ಲ."

ಬೈಯುತ್ತಲೇ ಕೈಚೀಲವನ್ನೆಲ್ಲ ಮೆಟ್ಟಿಲ ಮೇಲೆ ಸುರಿದು, ಚೀಟಿ ಹುಡುಕಿ, ಸಹಿ ಗೀಚಿದಳು. ಆಮೇಲೆ ಮೆತ್ತಗೆ, "ನಾಳೆ ಬಾ, ನಿಂಗೂ ಒಂದು ಗ್ಲಾಸು" ಅಂದಳು.

"ನಮ್ಮ ಚರ್ಚಿನೋರು ಕುಡಿಯಲ್ಲ ಅಮೂಮಾ," ಎನ್ನುತ್ತಾಳೆ ರೋವೀನಾ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಜ್ಜಿಯ ಮುಂದಿಡುತ್ತಾ. "ಆದ್ರೂ ಬರ್ತೀನಿ. ಇಷ್ಟು ವರ್ಷ ಇಂಥ ಪೆಟ್ಟಿಗೆ ಹೊತ್ತಿದೀನಿ, ಒಂದು ಬಾಟ್ಲಿ ಬಿಚ್ಚೋ ಸದ್ದು ಕೇಳಿಲ್ಲ. ಅದೊಂದು ಕೇಳಿಸ್ಕೊಂಡು ಹೋಗ್ತೀನಿ."