ಕುಣಿಗಲ್ಲಿನ ಮನೆಗೆ ಬಂದ ಚಂದ್ರಗುಪ್ತ

ಇವತ್ತು ಬೆಳಿಗ್ಗೆ ತುಮಕೂರಿನ ಮರಳೂರು ಬಡಾವಣೆಯ ನಮ್ಮ ಮನೆಯಲ್ಲಿ ಹಾಲು ಸೀಯಿಸಿದೆ. ಸೀದ ಹಾಲಿನ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗೆ ಮಾತ್ರ ಮೌರ್ಯ ಸಾಮ್ರಾಜ್ಯ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಕುಣಿಗಲ್ಲಿಗೆ. ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಬೇಕೆಂಬುದು ಅವಳ ಆಸೆ. ವಯಸ್ಸಿನ ಮಿತಿ ಮುಗಿಯುತ್ತಾ ಬಂದು, ಪರೀಕ್ಷೆಗೆ ಕೂರಲು ಅದೇ ಕೊನೆಯ ಅವಕಾಶವಾಗಿತ್ತು. ಓದಲು ಹೊತ್ತೆಲ್ಲಿ? ಒಲೆಯ ಪಕ್ಕದ ಡಬ್ಬಕ್ಕೆ ಪುಸ್ತಕ ಒರಗಿಸಿ, ಸೌಟು ಆಡಿಸುತ್ತಲೇ ಗಟ್ಟಿಯಾಗಿ ಓದುತ್ತಿದ್ದಳು. ಅವಳ ಅತ್ತೆ ನಡುಮನೆಯ ಮಂಚದಲ್ಲಿ ಕೂತು ಅಲ್ಲಿಂದಲೇ ಅಡುಗೆಮನೆಯನ್ನು ಆಳುತ್ತಿದ್ದರು. ಸೊಸೆ ಬಂದ ಮೇಲೆ ಒಲೆ ಮುಟ್ಟಿಲ್ಲ ಎನ್ನುವುದು ಅವರ ಹೆಮ್ಮೆ.

“ಯಾವೋನೇ ಅವ್ನು ಚಂದ್ರಗುಪ್ತ? ಎದ್ದಾಗಿಂದ ಅವ್ನದೇ ಜಪ! ಅಲ್ಲಿ ಹಾಲು ಸೀದು ಹೋಯ್ತು!”

“ನಂದರನ್ನ ಸೋಲ್ಸಿ ದೊಡ್ಡ ರಾಜ್ಯ ಕಟ್ಟಿದೋನು, ಅತ್ತೆ.”

“ಕಟ್ಲಿ ಬುಡು. ಪಾತ್ರೆ ಉಜ್ಜಕ್ಕೆ ಅವ್ನು ಬತ್ತಾನಾ?”

ಭಾನುವಾರ ತುಮಕೂರಿನಿಂದ ಬಸ್ಸು ಹತ್ತಿ ಹೋಗಿ ಅಕ್ಕನಿಗೆ ಪ್ರಶ್ನೆ ಕೇಳುವ ಕೆಲಸ ನನ್ನದು. ನನ್ನ ಪಾಂಡಿತ್ಯವೋ! ತುಮಕೂರಿನ ಅಶೋಕ ರಸ್ತೆಯನ್ನು ಅಶೋಕ ಚಕ್ರವರ್ತಿಯೇ ಹಾಕಿಸಿದ್ದೆಂದು ಹೈಸ್ಕೂಲು ಮುಗಿಯುವವರೆಗೂ ನಂಬಿ, ಅವನು ನೆಡಿಸಿದ ಸಾಲುಮರಗಳನ್ನು ಕಡಿದವರು ಯಾರೆಂದು ಸಿಟ್ಟಾಗಿದ್ದವನು ನಾನು. ಆದರೂ ಪ್ರಶ್ನೆ ಕೇಳುವವನ ಗತ್ತಿಗೇನೂ ಕಮ್ಮಿಯಿರಲಿಲ್ಲ.

ಬರುಬರುತ್ತಾ ಅತ್ತೆಯೂ ಕಿವಿಗೊಡತೊಡಗಿದರು. ಮೌರ್ಯರು ಚಿತ್ರದುರ್ಗದ ಸೀಮೆಯವರೆಗೂ ಆಳಿದ್ದರೆಂದು ಕೇಳಿ, ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿದರು. “ಅಯ್ಯೋ, ಶಿರಾ ದಾಟಿದ್ರೆ ನಮ್ಮೂರೇ ಅಲ್ವೇನಪ್ಪಾ!” ಅಂದಿನಿಂದ ಚಂದ್ರಗುಪ್ತ ಅವರಿಗೆ ನೆಂಟನಾದ. ಅವನ ಕೊನೆ ಏನಾಯಿತೆಂದು ಒಂದು ಭಾನುವಾರ ಕೇಳಿದರು. ಮಗನಿಗೆ ಪಟ್ಟ ಬಿಟ್ಟುಕೊಟ್ಟು, ಗುರುವಿನ ಹಿಂದೆ ಶ್ರವಣಬೆಳಗೊಳಕ್ಕೆ ನಡೆದು ಬಂದು, ಅಲ್ಲೇ ಅನ್ನ ನೀರು ಬಿಟ್ಟು ದೇಹ ತ್ಯಜಿಸಿದನೆಂದು ಜೈನರು ಹೇಳುತ್ತಾರೆ ಎಂದಳು ಅಕ್ಕ.

“ರಾಜ್ಯಾನ ಯಾರಾದ್ರೂ ಬುಡ್ಸಿದ್ರಾ?”

“ಇಲ್ಲ ಅತ್ತೆ, ಅವನೇ ಬಿಟ್ಟ.”

ಅತ್ತೆ ಮಂಚದಿಂದ ಇಳಿದು ಅಡುಗೆಮನೆಯ ಬಾಗಿಲವರೆಗೆ ಹೋಗಿ ಒಲೆಯನ್ನೊಮ್ಮೆ ನೋಡಿ ಬಂದರು.

ಮುಂದಿನ ಭಾನುವಾರ ಹೋದರೆ ಮಂಚದ ಮೇಲೆ ಅಕ್ಕ, ಸುತ್ತ ಪುಸ್ತಕ. ಒಲೆಯ ಮುಂದೆ ಅತ್ತೆ! “ಏನಪ್ಪಾ ಹಂಗ್ ನೋಡ್ತೀಯಾ? ನಂಗೂ ಸಾರು ಮಾಡಕ್ ಬತ್ತದೆ,” ಎಂದು ಗದರಿದರು. ಸಾರು ಉಪ್ಪುಪ್ಪಾಗಿತ್ತು. ನಾನು ತುಟಿ ಪಿಟಕ್ಕೆನ್ನದೆ ಎರಡು ಮುದ್ದೆ ಉಂಡೆ.

ಫಲಿತಾಂಶ ಬಂತು. ಅಕ್ಕ ಪಾಸಾಗಲಿಲ್ಲ. ಸಮಾಧಾನ ಹೇಳಲೆಂದು ಹೋದ ನನಗೇ ಅಳು ಬಂತು. ಅಕ್ಕ ಅಳಲಿಲ್ಲ, ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಒಲೆಯ ಹತ್ತಿರ ಹೋಗಿ ಅತ್ತೆಯ ಕೈಯಲ್ಲಿದ್ದ ಸೌಟು ಹಿಡಿದಳು. ಅತ್ತೆ ಕೊಡಲಿಲ್ಲ.

“ಸರ್ಕಾರದ್ದು ಆಗ್ದಿದ್ರೆ ಊರಲ್ಲಿ ಬೇರೆ ಸ್ಕೂಲಿಲ್ವಾ? ಹೋಗಿ ಕೇಳು. ಪುಸ್ತಕ ಇಳ್ಸು ಮೊದ್ಲು.”

“ಸಾಕು ಬಿಡಿ ಅತ್ತೆ. ಒಲೆ ನಾನು ನೋಡ್ಕೋತೀನಿ.”

“ನಿನ್ ಚಂದ್ರಗುಪ್ತ ಬುಟ್ಕೊಟ್ಟ ರಾಜ್ಯಾನ ವಾಪಸ್ ಈಸ್ಕೊಂಡ್ನೇನೇ?”

ಅಕ್ಕ ಆಗ ಅತ್ತಳು ನೋಡಿ, ಸೌಟು ಬಿಟ್ಟು, ಅತ್ತೆಯ ಹೆಗಲಿಗೆ ಮುಖವಿಟ್ಟು.

ಇದನ್ನೆಲ್ಲ ನಿಮಗೆ ಹೇಳುವ ಮೊದಲು ಕುಣಿಗಲ್ಲಿಗೆ ಫೋನ್ ಮಾಡಿದ್ದೆ. ಎತ್ತಿದ್ದು ಅತ್ತೆ. “ಟೀಚರಮ್ಮ ಸ್ಕೂಲಿಗೆ ಹೊಂಟವ್ಳೆ ಕಣಪ್ಪಾ, ಡಬ್ಬಿ ಕಟ್ತಾ ಇದೀನಿ. ಸಂಜೆ ಮಾಡು,” ಎಂದವರೇ ಫೋನ್ ಇಟ್ಟುಬಿಟ್ಟರು.