ನಾನು ಓದಿದ ಪ್ಲೇಟು

ದೆವ್ವ, ಶಕುನ, ಮುಂಚೆಯೇ ಗೊತ್ತಾಯಿತು ಎಂದೆಲ್ಲ ಯಾರಾದರೂ ಮಾತು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ರೋಗಾಣುಗಳನ್ನು ಬೆಳೆಸಿ ಗುರುತಿಸುವುದು ನನ್ನ ಕೆಲಸ. ಎರಡನೇ ಸಲ ಮಾಡಿದರೂ ಅದೇ ಬಂದರೆ ಅದು ನಿಜ, ಇಲ್ಲದಿದ್ದರೆ ಅಲ್ಲ. ಅಷ್ಟೇ ನನ್ನ ಧರ್ಮ. ಈಗಲೂ ಅಂಥ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಆದರೆ ಎದ್ದು ಹೋಗಲು ಆಗುವುದಿಲ್ಲ. ಇನ್ನೂ ಹೆಚ್ಚು ಸಿಟ್ಟು ಬರುವುದು ಅದಕ್ಕೇ.

ಕೆಲವು ವರ್ಷಗಳ ಹಿಂದೆ ತೆಲಂಗಾಣದ ಗಡಿಯ ಜಹೀರಾಬಾದಿನ ಒಂದು ಸಣ್ಣ ಲ್ಯಾಬಿನಲ್ಲಿದ್ದೆ. ನಾರಾಯಣಖೇಡ, ತಾಂಡೂರು ಕಡೆಯಿಂದ ಜ್ವರದವರ ರಕ್ತ ಬಸ್ಸಿನಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಬರುವಷ್ಟರಲ್ಲಿ ಪ್ರತಿಯೊಬ್ಬರೂ ಮೆಡಿಕಲ್ ಅಂಗಡಿಯಿಂದ ಯಾವುದೋ ಆ್ಯಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಟ್ಟಿರುತ್ತಿದ್ದರು. ಹೀಗೆ ಅರೆಬರೆ ಔಷಧ ತಿಂದು ಪಳಗಿದ ಟೈಫಾಯ್ಡಿನ ರೋಗಾಣು ಸಾಲ್ಮೊನೆಲ್ಲಾ ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಹೇಳಿ ಹೇಳಿ ಬಾಯಿ ಒಣಗುತ್ತಿತ್ತು, ಕೇಳುವವರಿರಲಿಲ್ಲ.

ಹಾಗೆ ಬಂದದ್ದು ಸಂಗಮ್ಮನ ರಕ್ತ. ನಾಗಲಗಿದ್ದದ ಕಡೆಯ ಕುರಿ ಸಾಕುವ ಮನೆಯವಳು, ಮೊಲೆಯುಣ್ಣುವ ಕೂಸಿನ ತಾಯಿ. ನಾರಾಯಣಖೇಡದ ಆಸ್ಪತ್ರೆಯಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ನಡೆದಿತ್ತು, ಜ್ವರ ಇಳಿದಿರಲಿಲ್ಲ. ರಕ್ತದಲ್ಲಿ ಟೈಫಾಯ್ಡಿನ ಸಾಲ್ಮೊನೆಲ್ಲಾ ಬೆಳೆಯಿತು. ಅದನ್ನು ರೋಗಾಣು ಬೆಳೆಸುವ ಪ್ಲೇಟಿನ ಮೇಲೆ ಹರಡಿ, ಒಂದೊಂದು ಔಷಧ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ನಮ್ಮ ಟೆಕ್ನಿಷಿಯನ್ ಶಿವಲೀಲಾ ಇಟ್ಟಳು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ಉಂಗುರ ಮೂಡುತ್ತದೆ. ಆವತ್ತು ಇದ್ದದ್ದು ಅದೊಂದೇ ಪ್ಲೇಟು.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿದೆ. ಸೆಫ್ಟ್ರಿಯಾಕ್ಸೋನಿನ ಬಿಲ್ಲೆಗೆ ಒತ್ತಿಕೊಂಡೇ ರೋಗಾಣು ಬೆಳೆದಿತ್ತು. ಅಜಿತ್ರೊಮೈಸಿನ್ ಎಂಬ ಇನ್ನೊಂದು ಔಷಧದ ಸುತ್ತ ಮಾತ್ರ ಉಂಗುರ, ಅದೂ ಅರ್ಧ. ಅದರ ಬಿಲ್ಲೆ ಪ್ಲೇಟಿನ ಅಂಚಿಗೇ ಅಂಟಿತ್ತು. ಡಾಕ್ಟರಿಗೆ ತಕ್ಷಣ ಫೋನ್ ಮಾಡಿ, ಆ ಇಂಜೆಕ್ಷನ್ನಿನಿಂದ ಉಪಯೋಗವಿಲ್ಲ, ಅಜಿತ್ರೊಮೈಸಿನ್ ಕೊಡಿ ಎಂದೆ. ಆಮೇಲೆ ಶಿವಲೀಲಾಳ ಮೇಲೆ ರೇಗಿದೆ, ಬಿಲ್ಲೆ ಇಡಲು ಬರುವುದಿಲ್ಲವೇ ಎಂದು.

"ನಾ ನೆಟ್ಟಗೇ ಇಟ್ಟೀನ್ರಿ ಮೇಡಂ. ಬಂದ್ ನೀವೇ ನೋಡ್ರಿ," ಎಂದಳು ಅವಳು, ಪ್ಲೇಟು ಕೈಯಲ್ಲಿ ಹಿಡಿದು.

ಬಿಲ್ಲೆಗಳೆಲ್ಲ ಅಂಚಿನಿಂದ ದೂರ, ಅಚ್ಚುಕಟ್ಟಾಗಿ ಕೂತಿದ್ದವು. ಸೆಫ್ಟ್ರಿಯಾಕ್ಸೋನ್ ಸುತ್ತ ಅಗಲವಾದ ತಿಳಿ ಉಂಗುರ. ಪ್ಲೇಟಿನ ಮೇಲೆ ಸಂಗಮ್ಮನದೇ ಹೆಸರು, ನನ್ನದೇ ಅಕ್ಷರ. ಮತ್ತೆ ಪರೀಕ್ಷೆಗೆ ಹಾಕಿದೆ. ಅದೂ ಮರುದಿನ ಇದನ್ನೇ ಹೇಳಿತು. ಆದರೆ ಅದಕ್ಕೆ ಕಾಯುವ ಹಾಗಿರಲಿಲ್ಲ. ನಾಚಿಕೆಬಿಟ್ಟು ಡಾಕ್ಟರಿಗೆ ಆಗಲೇ ಫೋನ್ ಮಾಡಿ, ಇಂಜೆಕ್ಷನ್ ನಾಟುತ್ತದೆ ಎಂದೆ.

"ಏನ್ರಿ ಮೇಡಂ, ಮುಂಜಾನಿ ಒಂದ್ ಹೇಳ್ತೀರಿ, ಮಧ್ಯಾಹ್ನ ಒಂದ್ ಹೇಳ್ತೀರಿ! ನಾ ಔಷಧ ಬದ್ಲಿ ಮಾಡೀನಿ. ಇನ್ನ ಬದ್ಲಿ ಮಾಡಂಗಿಲ್ಲ. ಔಷಧ ಬದ್ಲಿ ಮಾಡೂಕಿಂತ ಮೊದ್ಲು ತೆಗೆದ ಇನ್ನೊಂದು ರಕ್ತ ಐತಿ, ಕಳಸ್ತೀನಿ. ಈ ಸಲ ಕಣ್ಣ್ ಬಿಟ್ಟ್ ನೋಡ್ರಿ," ಎಂದು ಫೋನ್ ಇಟ್ಟರು.

ರಕ್ತದ ಬಾಟಲಿಯನ್ನು ಸಂಗಮ್ಮನ ಗಂಡ ಮಾಳಪ್ಪನೇ ತಂದ. ಹೆಗಲ ಮೇಲಿನ ಟವಲಿನಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡಿದ್ದ.

"ಅಕ್ಕೋರೆ, ಈಗ ಕೊಡಾಕತ್ತಿದ್ದ ಔಷಧ ಹತ್ತತೈತೇನ್ರಿ? ಕೂಸು ಮನ್ಯಾಗ ಅತ್ತ್ ಅತ್ತ್ ಸಾಕಾಗ್ಯಾದ."

ನೋಡೋಣ ಎಂದು ಬಾಟಲಿ ತೆಗೆದುಕೊಂಡೆ.

ಎರಡನೇ ರಕ್ತದಲ್ಲೂ ಸಾಲ್ಮೊನೆಲ್ಲಾ ಬೆಳೆಯಿತು. ಶಿವಲೀಲಾಳನ್ನು ದೂರವಿಟ್ಟು ಬಿಲ್ಲೆಗಳನ್ನು ನಾನೇ ಇಟ್ಟೆ. ಕೊನೆಯದು ಅಜಿತ್ರೊಮೈಸಿನ್. ಚಿಮುಟದಲ್ಲಿ ಹಿಡಿದಿದ್ದೆ, ಕರೆಂಟ್ ಹೋಯಿತು. ದಿನಾ ಹೋಗುವ ಕರೆಂಟೇ. ಚಿಮುಟ ಜಾರಿ ಬಿಲ್ಲೆ ಅಂಚಿಗೆ ಅಂಟಿಕೊಂಡಿತು. ಒಮ್ಮೆ ಅಂಟಿದ್ದನ್ನು ಎತ್ತುವಂತಿಲ್ಲ, ಔಷಧ ಆಗಲೇ ಹರಡಿರುತ್ತದೆ. ಕರೆಂಟನ್ನು ಬೈಯುತ್ತ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಆ ಬಿಲ್ಲೆಯನ್ನು ಅದೇ ಜಾಗದಲ್ಲಿ ನಾನು ಮೊದಲೇ ಕಂಡಿದ್ದೆ.

ಮರುದಿನ ಪ್ಲೇಟು ತೆರೆಯಲು ಶಿವಲೀಲಾಳನ್ನೇ ಕರೆದೆ. ಸೆಫ್ಟ್ರಿಯಾಕ್ಸೋನಿಗೆ ಒತ್ತಿಕೊಂಡು ಬೆಳೆದಿತ್ತು. ಅಜಿತ್ರೊಮೈಸಿನ್ ಸುತ್ತ ಅರ್ಧ ಉಂಗುರ.

ಒಂದೇ ರಕ್ತದಲ್ಲಿ ರೋಗಾಣುವಿನ ಎರಡು ತಳಿ ಇರಬಹುದು, ಮೊದಲ ಸಲ ಒಂದು ಸಿಕ್ಕಿತು, ಆಮೇಲೆ ಇನ್ನೊಂದು. ಅಷ್ಟನ್ನು ಒಪ್ಪುತ್ತೇನೆ. ಇನ್ನೂ ಮಾಡಿರದ ಪ್ಲೇಟನ್ನು ಹಾಡುಹಗಲಲ್ಲಿ ಕೈಯಲ್ಲಿ ಹಿಡಿದು ಓದಿದ್ದು ಹೇಗೆ? ದಣಿದಿದ್ದೆ ಎನ್ನೋಣವೇ? ದಣಿದವರಿಗೆ ತಪ್ಪು ಕಾಣಬೇಕಲ್ಲ, ಮುಂದಿನದು ಯಾಕೆ ಕಾಣಬೇಕು?

ಡಾಕ್ಟರಿಗೆ ಫೋನ್ ಮಾಡಿದೆ. ಸಂಗಮ್ಮನ ಜ್ವರ ಇಳಿಯುತ್ತಿತ್ತು, ಕೂಸನ್ನು ಕರೆಸಿ ಮಗ್ಗುಲಲ್ಲಿ ಮಲಗಿಸಿದ್ದರಂತೆ. ಇಂಜೆಕ್ಷನ್ ನಾಟುವುದಿಲ್ಲ, ಅಜಿತ್ರೊಮೈಸಿನ್ನೇ ಸರಿ ಎಂದೆ.

"ಅದನ್ನ ಆವತ್ತೇ ಹೇಳಿದ್ರಲ್ಲ? ನಡುವ ಯಾಕ ಬ್ಯಾರೆ ಹೇಳಿ ನನ್ನ ತಲಿ ತಿಂದ್ರಿ?"

"ತಪ್ಪಾತ್ರಿ ಸರ್," ಎಂದೆ. ಸರಿಯಾಗಿ ಓದಿದ್ದಕ್ಕೆ ಕ್ಷಮೆ ಕೇಳಿದೆನೋ, ಸರಿಯಾಗಿ ಓದಿದ್ದನ್ನು ತಿದ್ದಿದ್ದಕ್ಕೋ, ಇಂದಿಗೂ ನನಗೆ ಗೊತ್ತಿಲ್ಲ.